ವಿದ್ಯುತ್ ವಾಹನಗಳ ಕಾಲ ಮತ್ತು ನಮ್ಮೂರಿನ ಮಕ್ಕಳು

(ಶಾಲೆಯ ಸುವರ್ಣ ಮಹೋತ್ಸವದ ವಿಚಾರಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಐವತ್ತು ವರ್ಷದ ಸಂಭ್ರಮದಲ್ಲಿ ನೆನಪುಗಳನ್ನು ಹೇಳಲು ನನಗಿಂತ ಹಿರಿಯರು ಬಹಳ ಮಂದಿ ಇದ್ದಾರೆ. ಆ ಕೆಲಸ ಅವರಿಗೇ ಸೇರಿದ್ದು. ನಾನು ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ವಾಹನಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಆದ್ದರಿಂದ ನನಗೆ ಗೊತ್ತಿರುವ ಒಂದು ವಿಷಯವನ್ನು, ನಮ್ಮೂರಿಗೆ ಅದರಿಂದ ಏನಾಗಬಹುದು ಎಂಬುದನ್ನು ಹೇಳುತ್ತೇನೆ. ವಿಷಯ ವಿದ್ಯುತ್ ವಾಹನ. ಪೆಟ್ರೋಲ್ ಇಲ್ಲದೆ ಓಡುವ ಕಾರು, ಸ್ಕೂಟರು, ಬಸ್ಸು.

ಇದು ಹೊಸ ವಿದ್ಯೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. 1899ರಲ್ಲಿ ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಜಿ ಎಂಬಾತ ಫ್ರಾನ್ಸಿನಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲ ಬಾರಿಗೆ ದಾಟಿದ್ದು ಬ್ಯಾಟರಿ ಗಾಡಿಯಲ್ಲೇ. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ವಿದ್ಯುತ್ ಕಾರುಗಳಿದ್ದವು. ಆಗ ಪೆಟ್ರೋಲ್ ಕಾರನ್ನು ಮುಂದೆ ನಿಂತು ಹಿಡಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಕೈ ಮುರಿದುಕೊಂಡವರೂ ಇದ್ದರು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿಗೆ ಬಂತು. ಅಲ್ಲಿಂದ ಪೆಟ್ರೋಲ್ ಕಾರೇ ಗೆದ್ದಿತು. ವಿದ್ಯುತ್ ಕಾರನ್ನು ಸೋಲಿಸಲು ನೆರವಾದದ್ದು ಒಂದು ಪುಟ್ಟ ವಿದ್ಯುತ್ ಮೋಟಾರೇ.

ಆದರೆ ನಿಜವಾಗಿ ಸೋತಿದ್ದು ಬ್ಯಾಟರಿ. ಒಂದು ಕೆ.ಜಿ. ಪೆಟ್ರೋಲಿನಲ್ಲಿ ಸುಮಾರು 12 ಯೂನಿಟ್‌ನಷ್ಟು ಶಕ್ತಿ ಇದೆ. ನಮ್ಮ ಮನೆಯ ಯು.ಪಿ.ಎಸ್.ನಲ್ಲಿ ಇರುವಂಥ ಸೀಸದ ಬ್ಯಾಟರಿ ಒಂದು ಯೂನಿಟ್ ಹಿಡಿದಿಡಬೇಕಾದರೆ 25ರಿಂದ 30 ಕೆ.ಜಿ. ತೂಗುತ್ತದೆ. ಎಂಜಿನ್ ತನಗೆ ಕೊಟ್ಟ ಪೆಟ್ರೋಲಿನ ಮುಕ್ಕಾಲು ಭಾಗವನ್ನು ಬಿಸಿಯಾಗಿ ಹಾಳುಮಾಡಿದರೂ, ಈ ತೂಕದ ಮುಂದೆ ಬ್ಯಾಟರಿ ನಿಲ್ಲಲಾಗಲಿಲ್ಲ.

ಈಗ ಬೆಂಗಳೂರಿಗೆ ಬರೋಣ. ಜಗತ್ತು ವಿದ್ಯುತ್ ಕಾರನ್ನು ಮರೆತಿದ್ದ ಕಾಲದಲ್ಲಿ ಅದನ್ನು ತಯಾರಿಸಿ ಮಾರಿದ ಊರು ನಮ್ಮ ಬೆಂಗಳೂರು. ಚೇತನ್ ಮೈನಿ ಎಂಬ ಬೆಂಗಳೂರಿನ ಯುವಕ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೌರಶಕ್ತಿಯ ಕಾರು ಕಟ್ಟಿದ ವಿದ್ಯಾರ್ಥಿಗಳ ತಂಡದಲ್ಲಿದ್ದರು. ಆ ಕಾರು 1990ರಲ್ಲಿ ಅಮೆರಿಕದ ಸ್ಪರ್ಧೆ ಗೆದ್ದು, ಆಸ್ಟ್ರೇಲಿಯಾದ ಸ್ಪರ್ಧೆಯಲ್ಲಿ ಮೂರನೆಯದಾಗಿ ಬಂತು. 1994ರಲ್ಲಿ ಮೈನಿ ಬಳಗ ಮತ್ತು ಅಮೆರಿಕದ ಅಮೆರಿಗಾನ್ ಸೇರಿ ರೇವಾ ಕಂಪನಿ ಆರಂಭಿಸಿದರು. ಏಳು ವರ್ಷಗಳ ಬಳಿಕ, 2001ರಲ್ಲಿ, ರೇವಾ ಕಾರು ರಸ್ತೆಗಿಳಿಯಿತು. ಎರಡು ಬಾಗಿಲಿನ ಪುಟ್ಟ ಕಾರು. ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಒಮ್ಮೆ ಚಾರ್ಜ್ ಮಾಡಿದರೆ 80 ಕಿ.ಮೀ. ಬೆಂಗಳೂರಿನಿಂದ ಹೊರಟರೆ ಅದು ನಮ್ಮ ಸಿದ್ದರಬೆಟ್ಟದವರೆಗೆ ಬರುತ್ತಿರಲಿಲ್ಲ.

ಆದರೂ ಆ ಕಾರು ಲಂಡನ್ನಿಗೆ ಹೋಯಿತು. ಅಲ್ಲಿ 2003ರಿಂದ ನಗರದ ಮಧ್ಯಭಾಗಕ್ಕೆ ಕಾರು ತಂದವರು ದಟ್ಟಣೆ ಶುಲ್ಕ ಕಟ್ಟಬೇಕಾಯಿತು. ವಿದ್ಯುತ್ ವಾಹನಕ್ಕೆ ಅದರಿಂದ ವಿನಾಯಿತಿ ಇತ್ತು. ಜಿ-ವಿಝ್ ಎಂಬ ಹೆಸರಿನಲ್ಲಿ ನಮ್ಮ ಬೊಮ್ಮಸಂದ್ರದ ಕಾರು ಅಲ್ಲಿ ಮಾರಾಟವಾಯಿತು. 'ಇಷ್ಟು ಸಣ್ಣ ಗಾಡಿ ಅಪಘಾತದಲ್ಲಿ ಉಳಿಯುತ್ತದೆಯೇ' ಎಂದು ಟೀಕಿಸಿದವರೂ ಅಲ್ಲಿದ್ದರು. ಹತ್ತು ವರ್ಷಗಳಲ್ಲಿ ಇಪ್ಪತ್ತಾರು ದೇಶಗಳಲ್ಲಿ ಮಾರಾಟವಾದದ್ದು ಸುಮಾರು ನಾಲ್ಕು ಸಾವಿರ. ಒಂದು ಕಾರ್ಖಾನೆ ಬದುಕಲು ಈ ಸಂಖ್ಯೆ ಸಾಲದು. 2010ರಲ್ಲಿ ಮಹೀಂದ್ರ ಕಂಪನಿ ಅದರ ದೊಡ್ಡ ಪಾಲನ್ನು ಕೊಂಡಿತು. 2013ರಲ್ಲಿ ಲಿಥಿಯಂ ಬ್ಯಾಟರಿಯೊಡನೆ ಅದೇ ವಂಶದ ಇ2ಒ ಬಂತು.

ರೇವಾದವರ ಒಂದು ಯೋಚನೆ ನನಗೆ ಬಹಳ ಇಷ್ಟ. 2009ರಲ್ಲಿ ಅವರು ಜರ್ಮನಿಯ ಪ್ರದರ್ಶನದಲ್ಲಿ 'ರಿವೈವ್' ಎಂಬ ಸೌಲಭ್ಯ ತೋರಿಸಿದರು. ದಾರಿಯಲ್ಲಿ ಚಾರ್ಜ್ ಮುಗಿದರೆ ಕಂಪನಿಗೆ ಒಂದು ಸಂದೇಶ ಕಳಿಸಬೇಕು. ಅಲ್ಲಿಂದಲೇ ಅವರು ಬ್ಯಾಟರಿಯಲ್ಲಿ ಕಾದಿಟ್ಟಿದ್ದ ಸ್ವಲ್ಪ ಶಕ್ತಿಯನ್ನು ಬಿಡುಗಡೆ ಮಾಡುತ್ತಾರೆ. ಅಜ್ಜಿ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಹಣ ಕಷ್ಟಕ್ಕೆ ಬಂದ ಹಾಗೆ. ಕಾರು ಎಂದರೆ ಬರೀ ಕಬ್ಬಿಣವಲ್ಲ, ಅದರೊಳಗೆ ಸಾಫ್ಟ್‌ವೇರ್ ಎಂಬ ಲೆಕ್ಕಗಾರನೊಬ್ಬ ಕೂತಿದ್ದಾನೆ ಎಂಬುದನ್ನು ಅವರು ಅಷ್ಟು ಬೇಗ ಕಂಡುಕೊಂಡಿದ್ದರು.

ಮುಂದೆ ಬದಲಾದದ್ದು ಏನು? ಬ್ಯಾಟರಿ. 1991ರಲ್ಲಿ ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಅದು ಮೊದಲು ಕ್ಯಾಮೆರಾ, ಲ್ಯಾಪ್‌ಟಾಪ್, ಮೊಬೈಲುಗಳಿಗೆ ಬಂತು. 2003ರಲ್ಲಿ ಶುರುವಾದ ಟೆಸ್ಲಾ ಕಂಪನಿ 2008ರಲ್ಲಿ ತಂದ ಮೊದಲ ಕಾರಿನಲ್ಲಿ ಲ್ಯಾಪ್‌ಟಾಪಿನಲ್ಲಿ ಇರುವಂಥದೇ 6,831 ಸಣ್ಣ ಸೆಲ್‌ಗಳನ್ನು ಜೋಡಿಸಿತ್ತು. ಈ ಬ್ಯಾಟರಿಯನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ಸೀಸದಲ್ಲಿ 25-30 ಕೆ.ಜಿ. ಬೇಕಿದ್ದ ಒಂದು ಯೂನಿಟ್ ಈಗ 5ರಿಂದ 7 ಕೆ.ಜಿ.ಯಲ್ಲಿ ಹಿಡಿಯುತ್ತದೆ. 2010ರಲ್ಲಿ ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಸಾವಿರ ಡಾಲರಿಗೂ ಹೆಚ್ಚು ಬೆಲೆ ಇತ್ತು. 2024ರ ಹೊತ್ತಿಗೆ ಅದು ಜಾಗತಿಕ ಸರಾಸರಿಯಲ್ಲಿ ಸುಮಾರು 115 ಡಾಲರಿಗೆ ಇಳಿಯಿತು.

ಈ ಇಳಿಕೆಯ ಕಾಲದಲ್ಲಿ ಹುಟ್ಟಿದ್ದು ಏಥರ್. ಐ.ಐ.ಟಿ. ಮದ್ರಾಸಿನಲ್ಲಿ ಓದಿದ ತರುಣ್ ಮೆಹ್ತಾ ಮತ್ತು ಸ್ವಪ್ನಿಲ್ ಜೈನ್ 2013ರಲ್ಲಿ ಅದನ್ನು ಕಟ್ಟಿ, ಬೆಂಗಳೂರಿಗೆ ತಂದರು. 2014ರಲ್ಲಿ ಫ್ಲಿಪ್‌ಕಾರ್ಟಿನ ಸ್ಥಾಪಕರು, 2016ರಲ್ಲಿ ಹೀರೋ ಕಂಪನಿ ಹಣ ಹಾಕಿದರು. ಮೊದಲ ಸ್ಕೂಟರ್ ಮಾರುಕಟ್ಟೆಗೆ ಬಂದದ್ದು 2018ರಲ್ಲಿ. ಐದು ವರ್ಷ ಒಂದು ಗಾಡಿಯನ್ನೂ ಮಾರದೆ ಕಂಪನಿ ನಡೆಸಬೇಕಾಯಿತು. ಸ್ಟಾರ್ಟ್‌ಅಪ್ ಎಂದರೆ ದಿಢೀರ್ ಶ್ರೀಮಂತಿಕೆ ಎಂದು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ರೇವಾಕ್ಕೆ ಏಳು ವರ್ಷ, ಏಥರ್‌ಗೆ ಐದು ವರ್ಷ. ತೆಂಗಿನ ಸಸಿ ನೆಟ್ಟವನಿಗೆ ಈ ಲೆಕ್ಕ ಅರ್ಥವಾಗುತ್ತದೆ. ನೆಟ್ಟದ್ದೆಲ್ಲ ಮರವಾಗುವುದಿಲ್ಲ ಎಂಬುದೂ ಅವನಿಗೆ ಗೊತ್ತು.

ಇನ್ನು, ಈ ಗಾಡಿಯ ಒಳಗೆ ಏನಿದೆ ಎಂದು ನೋಡೋಣ. ರೈತ ಬಾಂಧವರೇ, ನೀವು ಹೆದರಬೇಕಾದದ್ದು ಏನೂ ಇಲ್ಲ. ಕೊಳವೆಬಾವಿಗೆ ಇಳಿಬಿಟ್ಟಿರುವ ಏಳೂವರೆ ಹೆಚ್.ಪಿ. ಮೋಟಾರಿನ ಶಕ್ತಿ ಸುಮಾರು ಐದೂವರೆ ಕಿಲೋವ್ಯಾಟ್. ಒಳ್ಳೆಯ ವಿದ್ಯುತ್ ಸ್ಕೂಟರಿನ ಮೋಟಾರಿನ ಗರಿಷ್ಠ ಶಕ್ತಿಯೂ ಆಸುಪಾಸು ಅಷ್ಟೇ. ಅದೂ ಮೂರು ಫೇಸಿನ ಮೋಟಾರೇ. ಪಂಪ್ ಮೋಟಾರು ಸುಟ್ಟಾಗ ವೈಂಡಿಂಗ್ ಮಾಡುವ ನಮ್ಮ ಕೊರಟಗೆರೆ, ಮಧುಗಿರಿಯ ಕೆಲಸಗಾರರಿಗೆ ಇದರ ಅರ್ಧ ವಿದ್ಯೆ ಆಗಲೇ ಗೊತ್ತಿದೆ.

ಉಳಿದ ಅರ್ಧ ಬ್ಯಾಟರಿ ಮತ್ತು ಅದರ ಸಾಫ್ಟ್‌ವೇರ್. ಮಕ್ಕಳೇ, ಇದನ್ನು ನೀವು ಗಮನವಿಟ್ಟು ಕೇಳಬೇಕು. ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ ಎಂದು ಇಣುಕಿ ನೋಡಲು ಆಗುವುದಿಲ್ಲ. ಪೆಟ್ರೋಲ್ ಟ್ಯಾಂಕಿಗೆ ಕಡ್ಡಿ ಇಳಿಬಿಟ್ಟ ಹಾಗೆ ಇಲ್ಲಿ ಆಗದು. ಹಾಗಾದರೆ ಲೆಕ್ಕ ಹೇಗೆ? ಊರಿನ ಓವರ್‌ಹೆಡ್ ಟ್ಯಾಂಕಿನ ಒಳಗೆ ನೋಡದೆ, ಒಳಬರುವ ಪೈಪಿಗೊಂದು, ಹೊರಹೋಗುವ ಪೈಪಿಗೊಂದು ಮೀಟರ್ ಹಾಕಿ ನೀರನ್ನು ಅಂದಾಜು ಮಾಡಿದ ಹಾಗೆ. ಹರಿದ ವಿದ್ಯುತ್ ಪ್ರವಾಹವನ್ನು ಕಾಲದಿಂದ ಗುಣಿಸಿದರೆ ಆವೇಶ ಸಿಗುತ್ತದೆ. ಆಂಪಿಯರ್ ಗುಣಿಸು ಸೆಕೆಂಡ್, ಅದು ಕೂಲಾಂ. ನಿಮ್ಮ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದ ಮೊದಲ ಸೂತ್ರ ಇದು. ಮೀಟರಿನಲ್ಲಿ ಚಿಕ್ಕ ತಪ್ಪಿದ್ದರೆ ದಿನದಿಂದ ದಿನಕ್ಕೆ ಅದು ಬೆಳೆಯುತ್ತದೆ. ಅದನ್ನು ಸರಿಪಡಿಸುವುದು ನಮ್ಮಂಥವರ ಕೆಲಸ.

ಅದೇ ಪಾಠದಲ್ಲಿ ಜೌಲ್‌ನ ನಿಯಮ ಇದೆ. ತಂತಿಯಲ್ಲಿ ಹುಟ್ಟುವ ಉಷ್ಣ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಬೇಗ ಬೇಗ ಚಾರ್ಜ್ ಮಾಡಿದರೆ ಬ್ಯಾಟರಿ ಏಕೆ ಬಿಸಿಯಾಗುತ್ತದೆ ಎಂಬುದಕ್ಕೆ ಉತ್ತರ ಈ ಒಂದು ಸಾಲಿನಲ್ಲಿದೆ. ಬ್ಯಾಟರಿಯೊಳಗೆ ಸಣ್ಣ ಸಣ್ಣ ಸೆಲ್‌ಗಳು ಸಾಲಾಗಿ ಜೋಡಿಸಿರುತ್ತವೆ. ಜೋಡೆತ್ತಿನಲ್ಲಿ ಒಂದು ಸೋತರೆ ಗಾಡಿಯೇ ನಿಲ್ಲುವ ಹಾಗೆ, ಒಂದು ಸೆಲ್ ದುರ್ಬಲವಾದರೆ ಇಡೀ ಸಾಲಿಗೆ ತೊಂದರೆ. ಪ್ರತಿಯೊಂದರ ವೋಲ್ಟ್, ಬಿಸಿ ನೋಡುತ್ತ, ಅಪಾಯ ಕಂಡ ಕೂಡಲೇ ಸಂಪರ್ಕ ಕಡಿಯುವುದು ಸಾಫ್ಟ್‌ವೇರಿನ ಕೆಲಸ. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಹತ್ತಿ ಜೀವಗಳು ಹೋದವು. ಆಮೇಲೆ ಸರ್ಕಾರ ಅದೇ ವರ್ಷದ ಡಿಸೆಂಬರಿನಿಂದ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಅಗ್ಗಕ್ಕೆ ಸಿಗುತ್ತದೆ ಎಂದು ಹೆಸರು ದೆಸೆ ಇಲ್ಲದ ಬ್ಯಾಟರಿ ಕೊಳ್ಳಬೇಡಿ ಎಂದು ಈ ಸಭೆಯಲ್ಲಿ ಕೈಮುಗಿದು ಹೇಳುತ್ತೇನೆ.

ಈಗ ಖರ್ಚಿನ ಮಾತು. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ. ಕೊಟ್ಟರೆ ನೂರು ಕಿ.ಮೀ.ಗೆ ಎರಡೂಕಾಲು ಲೀಟರ್ ಬೇಕು. ಲೀಟರಿಗೆ ನೂರು ರೂಪಾಯಿ ಎಂದಿಟ್ಟುಕೊಂಡರೂ 225 ರೂಪಾಯಿ. ವಿದ್ಯುತ್ ಸ್ಕೂಟರಿಗೆ ನೂರು ಕಿ.ಮೀ.ಗೆ ಸುಮಾರು ಮೂರು ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿ ಎಂದರೆ 21 ರೂಪಾಯಿ. ದಿನಾ ಕೊರಟಗೆರೆಗೋ ತುಮಕೂರಿಗೋ ಹೋಗಿಬರುವವರಿಗೆ ಇದು ಚಿಕ್ಕ ಉಳಿತಾಯವಲ್ಲ. ಆದರೆ ಕೊಳ್ಳುವಾಗಿನ ಬೆಲೆ, ವರ್ಷಗಳ ಮೇಲೆ ಬ್ಯಾಟರಿ ಬದಲಿಸುವ ಖರ್ಚು ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ವಾರಕ್ಕೊಮ್ಮೆ ಸಂತೆಗೆ ಮಾತ್ರ ಗಾಡಿ ತೆಗೆಯುವವರಿಗೆ ಇಂದೇ ಬದಲಾಯಿಸುವ ಆತುರ ಬೇಡ.

'ಇದಕ್ಕೆ ಕರೆಂಟು ಎಲ್ಲಿಂದ ಬರುತ್ತದೆ?' ಎಂದು ಹಿರಿಯರು ಕೇಳಬಹುದು. ಸರಿಯಾದ ಪ್ರಶ್ನೆ. ದೇಶದ ವಿದ್ಯುತ್ತಿನ ದೊಡ್ಡ ಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತದೆ. ಆದರೆ ಈ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಭಾಗ್ಯವಿದೆ. ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಇದೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ 2,050 ಮೆಗಾವ್ಯಾಟ್ ಮುಟ್ಟಿತು. ಅದು ಪೂರ್ಣ ಬಲದಲ್ಲಿ ಒಂದು ಗಂಟೆ ನಡೆದರೆ ಇಪ್ಪತ್ತು ಲಕ್ಷದ ಐವತ್ತು ಸಾವಿರ ಯೂನಿಟ್. ಮೂರು ಯೂನಿಟ್ಟಿನ ಬ್ಯಾಟರಿ ಇರುವ ಆರೂಮುಕ್ಕಾಲು ಲಕ್ಷ ಸ್ಕೂಟರುಗಳನ್ನು ತುಂಬಿಸಬಹುದು. ಮಳೆಯಿಲ್ಲದೆ ಬಳಲಿದ ಪಾವಗಡದ ಬಿಸಿಲಿಗೆ ಇಷ್ಟು ಬೆಲೆ ಇದೆ ಎಂದು ನಮ್ಮ ತಾತಂದಿರು ಎಣಿಸಿರಲಿಲ್ಲ.

ಆದರೆ ಆ ಪಾರ್ಕಿನಿಂದ ನಾವು ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ಅಲ್ಲಿ ಜಮೀನನ್ನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಜಮೀನು ರೈತನ ಹೆಸರಿನಲ್ಲೇ ಉಳಿಯಿತು. ಇದು ಒಳ್ಳೆಯ ಕ್ರಮ. ಆದರೆ ಜಮೀನಿಲ್ಲದೆ ಆ ಹೊಲಗಳ ಕೂಲಿಯನ್ನೇ ನಂಬಿದ್ದವರಿಗೆ ಗುತ್ತಿಗೆ ಹಣ ಬರಲಿಲ್ಲ, ಕಡಲೆಕಾಯಿ ಕೀಳುವ ಕೆಲಸವೂ ಹೋಯಿತು. ಹೊಸ ತಂತ್ರಜ್ಞಾನ ಬಂದಾಗ ಕೈಯಲ್ಲಿ ಆಸ್ತಿ ಇದ್ದವನಿಗೆ ಒಂದು ದಾರಿ ಇರುತ್ತದೆ. ಇಲ್ಲದವನ ಕೈಯಲ್ಲಿ ವಿದ್ಯೆಯಾದರೂ ಇರಬೇಕು. ವಾಹನಗಳ ವಿಷಯದಲ್ಲೂ ಇದೇ ಆಗಲಿದೆ.

ನಮ್ಮ ಬಸ್‌ಸ್ಟ್ಯಾಂಡುಗಳ ಪಕ್ಕದಲ್ಲಿರುವ ಗ್ಯಾರೇಜುಗಳನ್ನು ನೋಡಿ. ಅವರ ಅನ್ನ ಎಲ್ಲಿಂದ ಬರುತ್ತದೆ? ಆಯಿಲ್ ಬದಲಿಸುವುದು, ಕಾರ್ಬುರೇಟರ್ ತೊಳೆಯುವುದು, ಪ್ಲಗ್ ಬದಲಿಸುವುದು, ಎಂಜಿನ್ ಇಳಿಸುವುದು. ವಿದ್ಯುತ್ ಗಾಡಿಯಲ್ಲಿ ಇವು ಯಾವುವೂ ಇಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1950ರ ದಶಕದಿಂದ ಸ್ಪಾರ್ಕ್ ಪ್ಲಗ್ಗಿಗೂ ಡೀಸೆಲ್ ಪಂಪಿಗೂ ಹೆಸರಾದ ಮೈಕೋ ಕಾರ್ಖಾನೆಯನ್ನು ನೀವೆಲ್ಲ ಬಲ್ಲಿರಿ. ವಿದ್ಯುತ್ ಗಾಡಿಗೆ ಸ್ಪಾರ್ಕ್ ಪ್ಲಗ್ಗೂ ಬೇಡ, ಡೀಸೆಲ್ ಪಂಪೂ ಬೇಡ. ಅಷ್ಟು ದೊಡ್ಡ ಕಂಪನಿಗೆ ಹಣವಿದೆ, ಎಂಜಿನಿಯರುಗಳಿದ್ದಾರೆ, ಬೇರೆ ದಾರಿ ಹುಡುಕಿಕೊಳ್ಳುತ್ತದೆ. ಹತ್ತನೇ ತರಗತಿ ದಾಟದೆ, ಗುರುವಿನ ಪಕ್ಕ ಕೂತು ಸ್ಪ್ಯಾನರ್ ಹಿಡಿದು ಕಲಿತ ನಮ್ಮ ಮೆಕ್ಯಾನಿಕ್ ಏನು ಮಾಡಬೇಕು?

ನಮ್ಮ ಪಕ್ಕದ ಊರಿನವರೊಬ್ಬರು ವಿದ್ಯುತ್ ಸ್ಕೂಟರ್ ಕೊಂಡರು. ಒಂದು ದಿನ ಅದು ನಿಂತಿತು. ಇಲ್ಲಿ ಯಾರೂ ಮುಟ್ಟಲಾಗಲಿಲ್ಲ, ಏಕೆಂದರೆ ಕಂಪನಿಯ ಕಂಪ್ಯೂಟರ್ ಜೋಡಿಸದೆ ದೋಷ ಏನೆಂದು ತಿಳಿಯುವುದಿಲ್ಲ. ಟೆಂಪೋದಲ್ಲಿ ಹಾಕಿಕೊಂಡು ದೂರದ ಸರ್ವಿಸ್ ಸೆಂಟರಿಗೆ ಕಳಿಸಿದರು. ಮೂರು ವಾರ ಗಾಡಿ ಬರಲಿಲ್ಲ. ಬಂದಾಗ ತಿಳಿದದ್ದು, ಒಂದು ಕನೆಕ್ಟರಿಗೆ ತುಕ್ಕು ಹಿಡಿದಿತ್ತು. ನಮ್ಮ ಊರಿನ ಹುಡುಗನಿಗೆ ಆ ಕಂಪ್ಯೂಟರನ್ನು ಓದುವ ಅವಕಾಶ ಮತ್ತು ತರಬೇತಿ ಇದ್ದಿದ್ದರೆ ಅದು ಅರ್ಧ ಗಂಟೆಯ ಕೆಲಸ. ಕಂಪನಿಗಳಲ್ಲಿ ಕೆಲಸ ಮಾಡುವ ನನ್ನಂಥವರು ಈ ಮಾತನ್ನು ಒಳಗೂ ಹೇಳಬೇಕು, ಹೊರಗೂ ಹೇಳಬೇಕು. ರಿಪೇರಿ ಮಾಡುವ ಹಕ್ಕು ಹಳ್ಳಿಗೂ ಸಿಗದಿದ್ದರೆ ಹಳ್ಳಿಯ ಜನ ಈ ಗಾಡಿಯನ್ನು ನಂಬುವುದಿಲ್ಲ, ನಂಬಲೂಬಾರದು.

ಇನ್ನೊಂದು ಸಂಗತಿ. 2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ತಂದ ಮೊದಲ ರಾಜ್ಯ ನಮ್ಮ ಕರ್ನಾಟಕ. ಆದರೆ ಏಥರ್‌ನ ದೊಡ್ಡ ಕಾರ್ಖಾನೆ ಹೊಸೂರಿನಲ್ಲಿದೆ, ಓಲಾ ಸ್ಕೂಟರಿನದು ಕೃಷ್ಣಗಿರಿ ಜಿಲ್ಲೆಯಲ್ಲಿದೆ. ಎರಡೂ ತಮಿಳುನಾಡು. ಲೆಕ್ಕಾಚಾರ ಬೆಂಗಳೂರಿನಲ್ಲಿ, ಗಾಡಿ ಜೋಡಿಸುವ ನೂರಾರು ಕೈಗಳಿಗೆ ಕೆಲಸ ಗಡಿಯಾಚೆ. ನಮಗೆ ಹತ್ತಿರದಲ್ಲೇ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ನಾಳೆ ಅಲ್ಲಿ ಬ್ಯಾಟರಿ ಜೋಡಿಸುವ ಘಟಕ ಬಂದರೆ, ನಮ್ಮ ಮಕ್ಕಳು ಗೇಟಿನಲ್ಲಿ ಕಾವಲು ಕಾಯುತ್ತಾರೋ, ಒಳಗೆ ಪರೀಕ್ಷೆ ಮಾಡುವ ಮೇಜಿನ ಮುಂದೆ ಕೂರುತ್ತಾರೋ? ಅದು ಇಂದು ಎಂಟು, ಒಂಬತ್ತು, ಹತ್ತನೇ ತರಗತಿಯಲ್ಲಿ ಅವರಿಗೆ ಏನು ಸಿಗುತ್ತದೆ ಎಂಬುದರ ಮೇಲೆ ನಿಂತಿದೆ.

ಆದ್ದರಿಂದ ಕೇವಲ ಮಾತಾಡಿ ಹೋಗದೆ ಮೂರು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಒಂದು, ಶಾಲೆಯ ಪ್ರಯೋಗಾಲಯದಲ್ಲಿ ಒಂದು ವಿದ್ಯುತ್ ಮೇಜು. ಒಂದು ಹಳೆಯ ವಿದ್ಯುತ್ ಸ್ಕೂಟರಿನ ಮೋಟಾರು, ಅದರ ನಿಯಂತ್ರಕ, ಕಡಿಮೆ ವೋಲ್ಟಿನ ಸುರಕ್ಷಿತ ಬ್ಯಾಟರಿ, ನಾಲ್ಕಾರು ಮಲ್ಟಿಮೀಟರ್, ಒಂದು ಸಣ್ಣ ಸೌರ ಫಲಕ. ಓಮ್‌ನ ನಿಯಮವನ್ನು ಬೋರ್ಡಿನ ಮೇಲೆ ಬರೆಯುವುದರ ಜೊತೆಗೆ ಮಗು ಕೈಯಾರೆ ಅಳೆದು ನೋಡಲಿ. ಬೆಂಗಳೂರಿನಲ್ಲಿರುವ ನಾವು ಹಳೆಯ ವಿದ್ಯಾರ್ಥಿಗಳು ಸೇರಿದರೆ ಇದು ಭಾರವಲ್ಲ. ನನ್ನ ಪಾಲನ್ನು ಈಗಲೇ ಹೇಳಿಬಿಡುತ್ತೇನೆ, ಮೋಟಾರು ಮತ್ತು ನಿಯಂತ್ರಕ ನನ್ನದು. ವರ್ಷಕ್ಕೆ ನಾಲ್ಕು ಶನಿವಾರ ಬಂದು ಪಾಠ ಮಾಡುವುದೂ ನನ್ನದು, ಅದೂ ಕನ್ನಡದಲ್ಲೇ. ವಿಭವಾಂತರ, ರೋಧ, ಆವೇಶ ಎಂದು ಇಲ್ಲಿ ಕಲಿತದ್ದು ನನಗೆ ಮುಂದೆ ಎಲ್ಲೂ ಅಡ್ಡಿಯಾಗಲಿಲ್ಲ. ಇಂಗ್ಲಿಷಿನ ಹೆಸರು ಒಂದು ವಾರದಲ್ಲಿ ಬಾಯಿಗೆ ಬರುತ್ತದೆ. ಅರ್ಥ ಇಲ್ಲಿಂದ ಹೋದದ್ದೇ.

ಎರಡು, ನಮ್ಮ ಸುತ್ತಲಿನ ಮೆಕ್ಯಾನಿಕ್‌ಗಳು ಮತ್ತು ಮೋಟಾರ್ ವೈಂಡಿಂಗ್ ಮಾಡುವವರಿಗೆ ಬೇಸಿಗೆ ರಜೆಯಲ್ಲಿ ಈ ಶಾಲೆಯ ಕೊಠಡಿಯಲ್ಲೇ ತರಬೇತಿ. ವಯಸ್ಸಿನ ಮಿತಿ ಬೇಡ. ಪ್ರಾಣಕ್ಕೆ ಅಪಾಯವಾಗದ ಹಾಗೆ ಬ್ಯಾಟರಿ ಮುಟ್ಟುವುದು, ಮೀಟರ್ ಓದುವುದು, ಕನೆಕ್ಟರ್ ಪರೀಕ್ಷಿಸುವುದು. ಮೊದಲು ಇಷ್ಟು ಸಾಕು.

ಮೂರು, ಬೆಟ್ಟದ ಬುಡದಲ್ಲಿ ಚಾರ್ಜಿಂಗ್ ಜಾಗ. ಸಿದ್ದೇಶ್ವರನ ದರ್ಶನಕ್ಕೆ ಬರುವವರು ಗಾಡಿ ನಿಲ್ಲಿಸಿ ಬೆಟ್ಟ ಹತ್ತಿ ಇಳಿಯಲು ಎರಡು ಮೂರು ಗಂಟೆ ಬೇಕು. ಗಾಡಿ ಅಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ. ದುಬಾರಿಯ ವೇಗದ ಚಾರ್ಜರ್ ಇಲ್ಲಿ ಬೇಕಿಲ್ಲ. ಭದ್ರವಾದ ಹದಿನೈದು ಆಂಪಿಯರ್ ಸಾಕೆಟ್ಟುಗಳು, ಸರಿಯಾದ ಅರ್ಥಿಂಗ್, ಪ್ರತಿಯೊಂದಕ್ಕೂ ಮೀಟರ್. ಚಾರ್ಜಿಂಗ್ ಕೇಂದ್ರ ನಡೆಸಲು ವಿದ್ಯುತ್ ಮಾರಾಟದ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲಿನಲ್ಲೇ ಸ್ಪಷ್ಟಪಡಿಸಿದೆ. ಪಂಚಾಯಿತಿ ಜಾಗ ಕೊಟ್ಟು, ಬೆಸ್ಕಾಂನಿಂದ ಸಂಪರ್ಕ ಪಡೆದರೆ ನಮ್ಮ ಸ್ತ್ರೀಶಕ್ತಿ ಸಂಘದವರೇ ಇದನ್ನು ನಡೆಸಬಹುದು. ಬೆಟ್ಟಕ್ಕೆ ಬಂದವರು ಬಿಟ್ಟುಹೋಗುವ ಪ್ಲಾಸ್ಟಿಕ್ಕಿನ ಜೊತೆಗೆ ಊರಿಗೆ ಸ್ವಲ್ಪ ಆದಾಯವನ್ನೂ ಬಿಟ್ಟುಹೋಗಲಿ.

ಮುಂದಿನ ಐವತ್ತು ವರ್ಷಗಳಲ್ಲಿ ಬ್ಯಾಟರಿ ಇದೇ ರೀತಿ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಲಿಥಿಯಂ ನಮ್ಮಲ್ಲಿ ಕಡಿಮೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಬಳಿ ಸಿಕ್ಕಿದೆ ಎಂದು ಅಂದಾಜಿಸಿರುವುದು 1,600 ಟನ್ ಮಾತ್ರ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂನಿಂದ ಬ್ಯಾಟರಿ ಮಾಡುವ ಕೆಲಸ ಹಲವು ದೇಶಗಳಲ್ಲಿ ನಡೆದಿದೆ. ಚೇತನ್ ಮೈನಿಯವರೇ 2017ರಿಂದ, ಖಾಲಿಯಾದ ಬ್ಯಾಟರಿ ಕೊಟ್ಟು ತುಂಬಿದ ಬ್ಯಾಟರಿ ಪಡೆಯುವ, ನಾವು ಗ್ಯಾಸ್ ಸಿಲಿಂಡರ್ ಬದಲಿಸುವಂಥ ವ್ಯವಸ್ಥೆ ಕಟ್ಟುತ್ತಿದ್ದಾರೆ. ಕೆ.ಎಸ್.ಆರ್.ಟಿ.ಸಿ. 2023ರ ಜನವರಿಯಲ್ಲಿ ಬೆಂಗಳೂರು-ಮೈಸೂರು ನಡುವೆ ವಿದ್ಯುತ್ ಬಸ್ ಓಡಿಸಿತು. ನಮ್ಮ ಮಕ್ಕಳು ಹತ್ತುವ ಬಸ್ಸೂ ಒಂದು ದಿನ ಸದ್ದಿಲ್ಲದೆ ಬಂದು ನಿಲ್ಲುತ್ತದೆ. ಯಂತ್ರ ಯಾವುದೇ ಆಗಲಿ, ಅದರೊಳಗಿನ ಓಮ್‌ನ ನಿಯಮ, ಜೌಲ್‌ನ ನಿಯಮ ಬದಲಾಗುವುದಿಲ್ಲ. ಅವನ್ನು ಈ ಶಾಲೆಯ ಗುರುಗಳು ಐವತ್ತು ವರ್ಷ ಕಲಿಸಿದ್ದಾರೆ.

ಮಕ್ಕಳೇ, ಆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿಯಿರಿ, ಬೇಡ ಎನ್ನುವುದಿಲ್ಲ. ಆದರೆ ಅದು ಹೇಗೆ ಓಡುತ್ತದೆ ಎಂದು ಡ್ರೈವರ್ ಅಣ್ಣನನ್ನು ಕೇಳಿ, ಮೇಷ್ಟ್ರನ್ನು ಕೇಳಿ, ನನ್ನನ್ನೂ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಹುಡುಕಿ ತಂದು ಹೇಳುವ ಜವಾಬ್ದಾರಿ ನಮ್ಮದು.

 ವಿದ್ಯುತ್ ಮೇಜಿಗೆ ಕೈಜೋಡಿಸುವವರು ಕಾರ್ಯಕ್ರಮ ಮುಗಿದ ಮೇಲೆ ವಿಜ್ಞಾನ ಶಿಕ್ಷಕರ ಬಳಿ ಹೆಸರು ಬರೆಸಬೇಕಾಗಿ ಕೋರಿ ನನ್ನ ಮಾತು ಮುಗಿಸುತ್ತೇನೆ.